ಭಾನುವಾರ ಕಂಟ್ರೋಲ್ ಸಿಸ್ಟಮ್ಸ್, ಸಿಗ್ನಲ್ ಪ್ರಾಸೆಸಿಂಗ್ ಒಟ್ಟಿಗೆ ಓದೋಣ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10ಕ್ಕೆ ಪುಣೆಯ ಕೋಥ್ರೂಡ್‌ನ ನಮ್ಮ ರೂಮಿಗೆ ಬನ್ನಿ. ಮೂರನೇ ವರ್ಷದವರು ತಪ್ಪಿಸಬೇಡಿ.

ದಯವಿಟ್ಟು ಈ ಎರಡು ವಿಷಯಗಳನ್ನು ಬೇರೆ ಬೇರೆಯಾಗಿ ಬಾಯಿಪಾಠ ಮಾಡಬೇಡಿ. ನಾನು ಹಾಗೆ ಮಾಡಿ ಒಂದು ಸೆಮಿಸ್ಟರ್ ಕಳೆದುಕೊಂಡೆ. ಲಾಪ್ಲಾಸ್ ಗಣಿತದ s ಸಮತಲದಲ್ಲಿ ಪೋಲ್‌ಗಳೆಲ್ಲ (ಸಿಸ್ಟಮ್‌ನ ಸ್ವಭಾವ ನಿರ್ಧರಿಸುವ ಬಿಂದುಗಳು) ಎಡ ಅರ್ಧದಲ್ಲಿದ್ದರೆ ಸಿಸ್ಟಮ್ ಸ್ಟೇಬಲ್ ಅಲ್ವಾ? ಸ್ಯಾಂಪಲ್ ಮಾಡಿದ ಮೇಲೆ, ಅಂದರೆ ಸಿಗ್ನಲನ್ನು ಸಮ ಅಂತರದಲ್ಲಿ ಅಳೆದುಕೊಂಡ ಮೇಲೆ, ಆ ಎಡ ಅರ್ಧವೇ ಯೂನಿಟ್ ಸರ್ಕಲ್‌ನ (ತ್ರಿಜ್ಯ 1 ಇರುವ ವೃತ್ತ) ಒಳಗೆ ಬಂದು ಕೂರುತ್ತದೆ. ನೇರ ನಿಂತಿದ್ದ ಫ್ರೀಕ್ವೆನ್ಸಿಯ ಗೆರೆ ವೃತ್ತಕ್ಕೆ ಮತ್ತೆ ಮತ್ತೆ ಸುತ್ತಿಕೊಳ್ಳುತ್ತದೆ. ಅಲಿಯಾಸಿಂಗ್, ಅಂದರೆ ಒಂದು ಫ್ರೀಕ್ವೆನ್ಸಿ ಇನ್ನೊಂದರಂತೆ ಕಾಣುವುದು, ಹುಟ್ಟುವುದೇ ಅಲ್ಲಿ. ಸೆಕೆಂಡಿಗೆ 1000 ಸ್ಯಾಂಪಲ್ ತೆಗೆದರೆ 900 ಹರ್ಟ್ಜ್ ಸಿಗ್ನಲ್ 100 ಹರ್ಟ್ಜ್‌ನಂತೆ ಕಾಣುತ್ತದೆ. ಇದನ್ನು ನಿಮ್ಮ ಕೈಯಾರೆ ಬಿಡಿಸಿ ನೋಡಲೇಬೇಕು, ಅದಕ್ಕೇ ಜಾಸ್ತಿ ಹೊತ್ತು ಇಟ್ಟಿದ್ದೇನೆ. ಎಂಜಿನಿಯರ್ ನೈಕ್ವಿಸ್ಟ್ ಹೆಸರು ಎರಡೂ ವಿಷಯಗಳಲ್ಲಿ ಬರುತ್ತದೆ, ಗಮನಿಸಿದ್ದೀರಾ? ಅವರ ಸ್ಟೆಬಿಲಿಟಿ ನಿಯಮ 1932ರದ್ದು.

ಸ್ಟೆಬಿಲಿಟಿ ಪರೀಕ್ಷಿಸುವ ರೌತ್ ಟೇಬಲ್ ಸುಲಭ, ಮನೆಯಲ್ಲೇ ಮುಗಿಸಿ.

ಬೋಡೆ ಪ್ಲಾಟ್‌ಗೆ (ಫ್ರೀಕ್ವೆನ್ಸಿಗೆ ತಕ್ಕಂತೆ ಸಿಸ್ಟಮ್ ಹೇಗೆ ಸ್ಪಂದಿಸುತ್ತದೆ ಎಂದು ತೋರಿಸುವ ಗ್ರಾಫ್) ಸೆಮಿಲಾಗ್ ಹಾಳೆ, ಸ್ಕೇಲು ತನ್ನಿ. ಲ್ಯಾಪ್‌ಟಾಪ್ ಇದ್ದವರು ಆಕ್ಟೇವ್ ಎಂಬ ಲೆಕ್ಕದ ಸಾಫ್ಟ್‌ವೇರ್ ಹಾಕಿಕೊಂಡು ಬನ್ನಿ, ಅದು ಉಚಿತ. ಕನ್ನಡದಲ್ಲೇ ಕೇಳಿ, ಸಂಕೋಚ ಬೇಡ. ಮಧ್ಯಾಹ್ನಕ್ಕೆ ರೊಟ್ಟಿ, ಎಣಗಾಯಿ ಇದೆ. ಬರುವವರು ಶುಕ್ರವಾರದೊಳಗೆ ಇಲ್ಲಿ ಹೆಸರು ಹಾಕಿ.