ಸೇನೆಯ ವಿಡಿಯೋ ಹಾಕುವ ಮುಂಚೆ

ಎಲ್ಲರಿಗೂ ನಮಸ್ಕಾರ.

ತುಮಕೂರಿನ ಕ್ಯಾತ್ಸಂದ್ರದ ಹತ್ತಿರ ತೆಗೆದ, ಸೇನೆಯ ಲಾರಿ ಹೊತ್ತ ಗೂಡ್ಸ್ ರೈಲಿನ ವಿಡಿಯೋ ನಿನ್ನೆ ರಾತ್ರಿ ನಮ್ಮ ಈ ಗುಂಪಿನಲ್ಲಿ ಬಂದಿತ್ತು. ಅಳಿಸಿದ್ದೇನೆ. ಹಾಕಿದವರು ಹೆಮ್ಮೆಯಿಂದಲೇ ಹಾಕಿದ್ದು, ಅವರನ್ನು ಯಾರೂ ಬೈಯಬೇಡಿ. ಆದರೆ ರೈಲು ಎಷ್ಟು ಹೊತ್ತಿಗೆ, ಯಾವ ಕಡೆ ಹೋಯಿತು ಅನ್ನೋದು ಅದರಲ್ಲಿ ಚೆನ್ನಾಗಿ ಕಾಣುತ್ತಿತ್ತು.

2008ರ ಮುಂಬೈ ದಾಳಿ ನೆನಪಿದೆ ಅಲ್ವಾ? ಉಗ್ರರು ಸಮುದ್ರದ ಕಡೆಯಿಂದ ಬರಬಹುದು ಅನ್ನೋ ಸುಳಿವು ಮೊದಲೇ ಇತ್ತು. ಅದನ್ನು ಹಿಡಿದು ಮಾಡಬೇಕಾದ ಕೆಲಸ ಆಗಲಿಲ್ಲ. 166 ಜನ ಸತ್ತರು. ಉಗ್ರರು ಸೇರಿಕೊಂಡಿದ್ದ ನಾರಿಮನ್ ಹೌಸ್ ಮೇಲೆ ಹೆಲಿಕಾಪ್ಟರ್‌ನಿಂದ ಕಮಾಂಡೋಗಳು ಇಳಿಯುವುದನ್ನು ಟಿವಿಯವರು ನೇರವಾಗಿ ತೋರಿಸಿದರು. ಪಾಕಿಸ್ತಾನದಲ್ಲಿ ಕೂತವರು ಟಿವಿ ನೋಡಿಕೊಂಡೇ ಫೋನಿನಲ್ಲಿ ಉಗ್ರರಿಗೆ ಹೇಳಿಕೊಡುತ್ತಿದ್ದರು. 2012ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಟಿವಿಯವರ ಈ ನೇರ ಪ್ರಸಾರವನ್ನು ಕಟುವಾಗಿ ಟೀಕಿಸಿತು. ಎನ್‌ಐಎ (ಉಗ್ರರ ಕೇಸುಗಳ ತನಿಖೆ ಮಾಡುವ ಕೇಂದ್ರದ ಸಂಸ್ಥೆ) ಹುಟ್ಟಿದ್ದೂ ಆ ದಾಳಿಯ ನಂತರವೇ.

ಗುಪ್ತಚರ ಇಲಾಖೆ ಎಲ್ಲಿ ಎಡವಿತು ಅಂತ ಧಾರಾಳವಾಗಿ ಕೇಳಿ. ಸರ್ಕಾರ ಯಾವುದೇ ಇರಲಿ, ಕೇಳಲೇಬೇಕು. ಒಂದು ಧರ್ಮದವರನ್ನೆಲ್ಲ ಸೇರಿಸಿ ಬೈಯುವ ಮೆಸೇಜ್ ಮಾತ್ರ ಇಲ್ಲಿ ಉಳಿಯಲ್ಲ. ಗುಬ್ಬಿ ಹತ್ತಿರ ಹೆಲಿಕಾಪ್ಟರ್ ತಯಾರಿಸುವ ಎಚ್‌ಎಎಲ್ ಕಾರ್ಖಾನೆಯ ಒಳಗಿನ ಫೋಟೋನೂ ಬೇಡ.

ಬಸ್ ಸ್ಟ್ಯಾಂಡಿನಲ್ಲಿ ವಾರಸುದಾರರಿಲ್ಲದ ಬ್ಯಾಗ್ ಕಂಡರೆ ಮುಟ್ಟಬೇಡಿ. ದೂರ ಸರಿದು 112ಕ್ಕೆ ಫೋನ್ ಮಾಡಿ. ಗುಂಪಿಗೆ ಆಮೇಲೆ ತಿಳಿಸಿದರೆ ಸಾಕು.