ಎಕ್ಕ ಕಂಡ ತಕ್ಷಣ ಕಾಲ್ ಬೇಡ

ಮಾನ್ಯರೇ,

‘ಪೋಕರ್ ಟೂರ್ನಮೆಂಟಿನಲ್ಲಿ ಎದುರಾಳಿ ಆಲ್-ಇನ್ ಹೋದಾಗ ಕೈಯಲ್ಲಿ ಎಕ್ಕವಿದ್ದರೆ ಧೈರ್ಯವಾಗಿ ಕಾಲ್ ಮಾಡಿ’ ಎಂದು ಭಾನುವಾರದ ಪುರವಣಿಯಲ್ಲಿ ಓದಿದೆ (ಆಲ್-ಇನ್ ಎಂದರೆ ತನ್ನ ಚಿಪ್ಸ್ ಎಲ್ಲವನ್ನೂ ಪಣಕ್ಕೆ ನೂಕುವುದು; ಕಾಲ್ ಎಂದರೆ ಆ ಪಣಕ್ಕೆ ಸಮನಾಗಿ ಹಾಕುವುದು). ಇದರಲ್ಲಿ ಧೈರ್ಯದ ಪ್ರಶ್ನೆಯೇ ಇಲ್ಲ, ಇರುವುದು ಲೆಕ್ಕ.

ಎಲೆ ನೋಡುವ ಮೊದಲೇ ಇಬ್ಬರು ಹಾಕಲೇಬೇಕಾದ ಪಣ, ಅಂದರೆ ಸ್ಮಾಲ್ ಮತ್ತು ಬಿಗ್ ಬ್ಲೈಂಡ್ 500/1,000, ಅದರ ಮೇಲಿನ ಕಡ್ಡಾಯ ಪಣವಾದ ಆ್ಯಂಟಿ 1,000 ಎನ್ನಿ. ಸ್ಮಾಲ್ ಬ್ಲೈಂಡಿನವನು ತನ್ನ ಒಟ್ಟು 10,000 ಚಿಪ್ಸ್ ನೂಕಿದ. ಬಿಗ್ ಬ್ಲೈಂಡಿನಲ್ಲಿರುವ ನಿಮ್ಮ 1,000, ಆ್ಯಂಟಿಯ 1,000 ಸೇರಿ ಪಾಟ್‌ನಲ್ಲಿ, ಅಂದರೆ ಪಣದ ರಾಶಿಯಲ್ಲಿ, 12,000. ನೀವು ಇನ್ನು ಹಾಕಬೇಕಾದ್ದು 9,000. ಅದನ್ನು 21,000ದಿಂದ ಭಾಗಿಸಿದರೆ ಸುಮಾರು ಶೇ 43. ಗೆಲ್ಲುವ ಸಾಧ್ಯತೆ ಅದಕ್ಕಿಂತ ಹೆಚ್ಚಿದ್ದರೆ ಚಿಪ್ಸ್ ಲೆಕ್ಕದಲ್ಲಿ ಕಾಲ್ ಸರಿ. ಆಗಲೇ ಹಾಕಿದ 1,000 ನಿಮ್ಮದಲ್ಲ, ಪಾಟ್‌ನದು. ಹಲವರು ಎಡವುವುದು ಇಲ್ಲೇ.

ಗೆಲ್ಲುವ ಸಾಧ್ಯತೆ ಎದುರಾಳಿ ಯಾವ ಯಾವ ಎಲೆಗಳಿಗೆ ನೂಕುತ್ತಾನೆ ಎಂಬುದರ ಮೇಲೆ ನಿಂತಿದೆ. ಎಕ್ಕ-ರಾಜದ ಎದುರು ಎಕ್ಕ-ಏಳಕ್ಕೆ ಶೇ 30 ಕೂಡ ಸಿಗದು. ಅದೇ ಎಕ್ಕ-ರಾಜದ ಎದುರು ಗುಲಾಮ-ಹತ್ತಕ್ಕೆ ಶೇ 37ರ ಆಸುಪಾಸು ಸಿಗುತ್ತದೆ! ಬರುವ ಕೈಗಳಲ್ಲಿ ಅರ್ಧದಷ್ಟಕ್ಕೆ ನೂಕುವ ಸ್ಮಾಲ್ ಬ್ಲೈಂಡಿಗೆ ಎಕ್ಕ-ಏಳರಲ್ಲಿ ಕಾಲ್ ಮಾಡಿ. ಒಂಬತ್ತು ಜನರ ಟೇಬಲ್ಲಿನಲ್ಲಿ ಮೊದಲ ಸರದಿಯಲ್ಲೇ ನೂಕುವ, ಒಳ್ಳೆಯ ಎಲೆಗಳಿಗಷ್ಟೇ ಆಡುವ ಬಿಗಿ ಆಟಗಾರನಿಗೆ ಅದೇ ಕೈ ಫೋಲ್ಡ್, ಅಂದರೆ ಎಲೆ ಎಸೆಯುವುದು.

ಲೇಖನ ಪೂರ್ತಿ ಮರೆತದ್ದು ಬಹುಮಾನವನ್ನು. ನಾಲ್ವರು ಉಳಿದಿದ್ದಾರೆ, ಎಲ್ಲರ ಚಿಪ್ಸ್ ಸಮ, ಬಹುಮಾನ ಮೂವರಿಗೆ: ಶೇ 50, 30, 20. ಈಗ ನಿಮ್ಮ ಪಾಲಿನ ಬೆಲೆ ಶೇ 25. ಆಲ್-ಇನ್ ಗೆದ್ದು ಚಿಪ್ಸ್ ದುಪ್ಪಟ್ಟಾದರೂ ಐಸಿಎಂ (ಚಿಪ್ಸನ್ನು ಬಹುಮಾನದ ಪಾಲಾಗಿ ಅಳೆಯುವ ವಿಧಾನ) ಲೆಕ್ಕದಲ್ಲಿ ಆ ಬೆಲೆ ಶೇ 50 ಆಗುವುದಿಲ್ಲ, ಶೇ 38.3 ಅಷ್ಟೇ; ಸೋತರೆ ಸೊನ್ನೆ. 25ನ್ನು 38.3ರಿಂದ ಭಾಗಿಸಿ: ಬ್ಲೈಂಡ್ ಬಿಟ್ಟು ನೋಡಿದರೆ ಶೇ 65 ಗೆಲುವು ಬೇಕು. ಎದುರಾಳಿ ಎಲೆ ನೋಡದೇ ನೂಕಿದರೂ ಜೋಡಿ ಆರು (ಶೇ 63) ಫೋಲ್ಡ್; ಜೋಡಿ ಏಳು, ಎಕ್ಕ-ರಾಜ ಹಾಗೂ ಹೀಗೂ ಗಡಿ ಮುಟ್ಟುತ್ತವೆ. ನಿಮ್ಮ ಹತ್ತನೇ ಒಂದು ಭಾಗ ಚಿಪ್ಸ್ ಇರುವವನು ನೂಕಿದರೆ ಈ ಬಿಗಿ ಬೇಕಿಲ್ಲ, ಸೋತರೂ ನೀವು ಹೊರಬೀಳುವುದಿಲ್ಲ. ದೊಡ್ಡ ಟೂರ್ನಮೆಂಟಿನ ಪ್ರವೇಶಕ್ಕೆ ಹತ್ತು ಜನರಿಗೆ ಸಮಾನ ಟಿಕೆಟ್ ಕೊಡುವ ಸ್ಯಾಟಲೈಟ್ ಆಟದಲ್ಲಿ ಹನ್ನೊಂದು ಜನ ಉಳಿದಾಗ ಜೋಡಿ ಎಕ್ಕವನ್ನೂ ಎಸೆಯಬೇಕಾದ ಸಂದರ್ಭಗಳಿವೆ.

ಹಣದ ಆನ್‌ಲೈನ್ ಪೋಕರನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಗೋವಾದ ಕ್ಯಾಸಿನೊ ಟೇಬಲ್ಲಿನಲ್ಲಿ ಈ ಲೆಕ್ಕವನ್ನು ತಲೆಯಲ್ಲೇ ಹಾಕಬೇಕು. ಮುಂದಿನ ಕಂತಿನಲ್ಲಿ ಪ್ರತಿ ಕೈಯ ಜೊತೆ ಬ್ಲೈಂಡ್, ಎಲ್ಲರ ಚಿಪ್ಸ್, ಬಹುಮಾನದ ಹಂಚಿಕೆ ಮೂರನ್ನೂ ಅಚ್ಚು ಹಾಕಿ.

– ಓದುಗ, ಬೆಂಗಳೂರು