ಗಿಟಾರ್ ಪ್ರೊಸೆಸರ್ ಸೆಟ್ಟಿಂಗ್: ಲೀಡ್ ಬೂಸ್ಟ್ ಇಡುವ ಜಾಗ ಬದಲಾಯಿಸಿದ್ದೇವೆ

ಹಾಸನ

ನಮ್ಮ ಅಂಗಡಿಯ ಗಿಟಾರ್ ಗ್ರಾಹಕರಿಗೆ,

ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಕೌಂಟರಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಪ್ಯಾಚ್ (ಗಿಟಾರಿನ ಸ್ವರ ಬದಲಿಸುವ ಪ್ರೊಸೆಸರ್ ಯಂತ್ರದಲ್ಲಿ ಉಳಿಸಿಡುವ ಸೆಟ್ಟಿಂಗ್) ಮಾಡಿಕೊಡುವುದನ್ನು ನಿಲ್ಲಿಸುತ್ತಿದ್ದೇವೆ. ಇನ್ನು ಮೇಲೆ ಅಂಗಡಿಯ ಹಿಂದಿನ ಪ್ರಾಕ್ಟೀಸ್ ರೂಮಿನಲ್ಲಿ, ದೊಡ್ಡ ಸ್ಪೀಕರಿಗೆ ಹಾಕಿ, ಕಾರ್ಯಕ್ರಮದ ವಾಲ್ಯೂಮಿನಲ್ಲೇ ಮಾಡುತ್ತೇವೆ. ಅರ್ಧ ಗಂಟೆಯ ಕೆಲಸಕ್ಕೆ ಒಂದೂವರೆ ಗಂಟೆ ಹಿಡಿಯುತ್ತದೆ. ಹಾಗಾಗಿ ಮೊದಲೇ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಂಡು ಬನ್ನಿ. ದರ ಹಳೆಯದೇ.

ಜೊತೆಗೆ ಲೀಡ್ ಬೂಸ್ಟ್, ಅಂದರೆ ಗಿಟಾರ್ ಮುಂದೆ ಬಂದು ನುಡಿಸುವಾಗ ಅದರ ಸದ್ದು ಏರಿಸುವ ಸೆಟ್ಟಿಂಗ್, ಇಡುವ ಜಾಗವನ್ನೂ ಬದಲಾಯಿಸಿದ್ದೇವೆ. ಕಾರಣ ಹೇಳಲೇಬೇಕು. ಕಳೆದ ಜಾತ್ರೆ ಸೀಸನ್ನಿನಲ್ಲಿ ಅರಕಲಗೂಡು ಕಡೆ ಒಂದು ರಸಮಂಜರಿ ಇತ್ತು. ಗಿಟಾರ್ ನುಡಿಸಿದವರು ನಮ್ಮ ಹಳೆಯ ಗ್ರಾಹಕರು, ಪ್ಯಾಚ್ ಮಾಡಿಕೊಟ್ಟವರು ನಾವು. ನಾವೂ ಕೇಳಲು ಹೋಗಿದ್ದೆವು. ಎರಡನೇ ಚರಣಕ್ಕೆ ಮುಂಚಿನ ಬಿಟ್ (ಹಾಡಿನ ನಡುವೆ ವಾದ್ಯ ನುಡಿಯುವ ತುಣುಕು) ಬಂತು, ಅವರು ಬೂಸ್ಟಿನ ಸ್ವಿಚ್ ತುಳಿದರು. ಗಿಟಾರಿನ ಗರಗರ ಹೆಚ್ಚಿತು, ವಾಲ್ಯೂಮ್ ಏರಲಿಲ್ಲ. ಕೀಬೋರ್ಡು, ರಿದಂ ಪ್ಯಾಡುಗಳ ನಡುವೆ ಆ ಬಿಟ್ ಮುಳುಗಿಯೇ ಹೋಯಿತು. ಸ್ಟೇಜಿನಿಂದ ಇಳಿದು ಬಂದವರು, "ಅಣ್ಣ, ನನ್ನ ಕೈ ಸರಿ ಇರ್ಲಿಲ್ವಾ?" ಅಂತ ಕೇಳಿದರು. ಕೈ ಚೆನ್ನಾಗಿಯೇ ಇತ್ತು. ತಪ್ಪು ನಮ್ಮ ಸೆಟ್ಟಿಂಗಿನದು. ಆ ಪ್ರಶ್ನೆ ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ.

ಇಷ್ಟು ದಿನ ನಾವು ಲೀಡ್ ಬೂಸ್ಟನ್ನು ಆಂಪ್ ಮಾಡೆಲ್‌ನ (ಪ್ರೊಸೆಸರಿನೊಳಗೆ ಆಂಪ್ಲಿಫೈಯರನ್ನು ಅನುಕರಿಸುವ ಭಾಗ) ಮುಂದೆ ಇಡುತ್ತಿದ್ದೆವು: ಗರಗರ ಕೊಡುವ ಒಂದು ಡ್ರೈವ್ ಪೆಡಲ್ ಹಾಕುವುದು, ಅದರ ಲೆವೆಲ್ ಏರಿಸುವುದು. ಆಂಪ್ ಕ್ಲೀನ್ (ಗರಗರ ಇಲ್ಲದೆ) ಇದ್ದರೆ ಇದರಿಂದ ವಾಲ್ಯೂಮ್ ಏರುತ್ತದೆ. ಕ್ಲೀನ್ ಟೋನಿನಲ್ಲಿ ನುಡಿಸುವ ಅನೇಕರಿಗೆ ಇದು ಸರಿಯಾಗಿಯೇ ಕೆಲಸ ಮಾಡಿದ್ದರಿಂದ ತಪ್ಪು ನಮ್ಮ ಕಣ್ಣಿಗೆ ಬೀಳಲಿಲ್ಲ. ಆದರೆ ಆಂಪ್ ಆಗಲೇ ಡಿಸ್ಟಾರ್ಷನ್‌ನಲ್ಲಿ, ಅಂದರೆ ಗರಗರ ಸ್ವರದಲ್ಲಿ, ಇದ್ದಾಗ ಅದು ತುಂಬಿದ ಕೊಡ. ಇನ್ನಷ್ಟು ಸುರಿದರೆ ಮಟ್ಟ ಏರುವುದಿಲ್ಲ. ಸ್ವರ ಇನ್ನೂ ಒತ್ತಿಕೊಂಡು, ಗರಗರ ಜಾಸ್ತಿಯಾಗುತ್ತದೆ ಅಷ್ಟೇ.

ಈಗ ಬೂಸ್ಟನ್ನು ಆಂಪ್ ಮತ್ತು ಕ್ಯಾಬ್ (ಸ್ಪೀಕರ್ ಪೆಟ್ಟಿಗೆಯನ್ನು ಅನುಕರಿಸುವ ಭಾಗ) ಎರಡೂ ಮುಗಿದ ಮೇಲೆ ಇಡುತ್ತೇವೆ. ಅಲ್ಲಿ ಏರಿಸಿದರೆ ನಿಮ್ಮ ಟೋನ್ ಹೇಗಿದೆಯೋ ಹಾಗೇ ಉಳಿದು ಬರೀ ವಾಲ್ಯೂಮ್ ಏರುತ್ತದೆ. ಪ್ರತಿಧ್ವನಿ ಕೊಡುವ ಡಿಲೇ, ದೊಡ್ಡ ಕೋಣೆಯಂಥ ಗುಂಗು ಕೊಡುವ ರಿವರ್ಬ್ ಎರಡೂ ಬೂಸ್ಟ್ ಆದಮೇಲೆ ಬರುತ್ತವೆ. ಡಿಲೇ ಮುಂಚೆ ಬಂದರೆ, ಬಿಟ್ ಮುಗಿಸಿ ಬೂಸ್ಟ್ ಆಫ್ ಮಾಡಿದ ಕೂಡಲೇ ಕೊನೆಯ ಸ್ವರದ ಪ್ರತಿಧ್ವನಿಯೂ ಧಡಕ್ಕನೆ ಇಳಿದುಬಿಡುತ್ತದೆ. ಕೇಳಲು ಬಹಳ ಬೇಸರ.

ಎಷ್ಟು ಏರಿಸಬೇಕು? 3 ಡೆಸಿಬೆಲ್ ಅಂದರೆ ಪವರ್ ಎರಡು ಪಟ್ಟು, ಆದರೂ ಕಿವಿಗೆ ಅದು ತುಸುವೇ ಹೆಚ್ಚು. ಎರಡು ಪಟ್ಟು ಜೋರು ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು, ಅಷ್ಟು ಏರಿಸಿದರೆ ಹಾಡೇ ಕೆಡುತ್ತದೆ. ನಾವು 4ರಿಂದ ಶುರುಮಾಡುತ್ತೇವೆ, 6ರ ಒಳಗೆ ನಿಲ್ಲಿಸುತ್ತೇವೆ. ಜೊತೆಗೆ 1000 ಹರ್ಟ್ಸ್ ಆಸುಪಾಸಿನ ಮಿಡ್ (ನಡುಮಟ್ಟದ ಸ್ವರಗಳು) ಸ್ವಲ್ಪ ಎತ್ತುತ್ತೇವೆ. ಬೇಸ್ ಗಿಟಾರ್ ಮತ್ತು ಕಿಕ್ ಡ್ರಮ್ಮಿನ ಭಾರ ಅದಕ್ಕಿಂತ ಕೆಳಗಿದೆ, ಸಿಂಬಲ್ ಮೇಲಿದೆ, ಗಿಟಾರ್ ಎದ್ದು ಕೇಳುವುದು ಈ ನಡುವಿನಲ್ಲೇ. ಹಾಡುವವರ ದನಿಯೂ ಅಲ್ಲೇ ಇರುವುದರಿಂದ, ಚರಣ ಶುರುವಾಗುವ ಮುಂಚೆ ಮರೆಯದೆ ಬೂಸ್ಟ್ ಆಫ್ ಮಾಡಿ.

ಹೆಡ್‌ಫೋನ್ ಬಿಟ್ಟದ್ದಕ್ಕೂ ಕಾರಣವಿದೆ. ಕಡಿಮೆ ಸದ್ದಿನಲ್ಲಿ ನಮ್ಮ ಕಿವಿಗೆ ಬೇಸ್ (ತಗ್ಗು ಸ್ವರ) ಮತ್ತು ಟ್ರೆಬಲ್ (ಏರು ಸ್ವರ) ಕಮ್ಮಿ ಕೇಳುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಮೆಲ್ಲಗೆ ಕೇಳುತ್ತಾ ಇಂಪಾಗುವಂತೆ ಎರಡನ್ನೂ ಏರಿಸಿಟ್ಟ ಪ್ಯಾಚ್, ಮೈದಾನದ ಸ್ಪೀಕರಿನಲ್ಲಿ ಕೆಳಗೆ ಗುಮ್ಮೆನ್ನುತ್ತದೆ, ಮೇಲೆ ಕಿವಿಗೆ ಚುಚ್ಚುತ್ತದೆ.

ಒಂದು ವಿಷಯ ಮನೆಗೆ ಹೋದಮೇಲೆ ನಿಮಗೆ ಗೊಂದಲ ಮಾಡಬಹುದು. ಹೊಸ ಪ್ಯಾಚಿನಲ್ಲಿ ರಿದಮ್ (ಬೂಸ್ಟ್ ಇಲ್ಲದೆ ಹಾಡಿನ ಹಿಂದೆ ನುಡಿಸುವ ಗಿಟಾರ್) ಹಳೆಯದಕ್ಕಿಂತ ಮೆತ್ತಗೆ ಕೇಳುತ್ತದೆ. ಬೇಕೆಂದೇ ಇಳಿಸಿದ್ದೇವೆ. ಡಿಜಿಟಲ್ ಯಂತ್ರದಲ್ಲಿ ಸದ್ದಿನ ಮಟ್ಟಕ್ಕೆ ಒಂದು ಸೂರು ಇದೆ, ಅದನ್ನು ತಾಗಿದರೆ ಸ್ವರ ಒಡೆಯುತ್ತದೆ. ಲೀಡ್ ಏರಲು ಮೇಲೆ ಜಾಗ ಬಿಟ್ಟಿರಬೇಕು. ದಯವಿಟ್ಟು ಪ್ಯಾಚಿನ ಒಳಗೆ ರಿದಮನ್ನು ಏರಿಸಬೇಡಿ. ಮಿಕ್ಸರಿನವರು ತಮ್ಮ ಕಡೆ ಗೇನ್ (ಒಳಬರುವ ಸದ್ದಿನ ಮಟ್ಟ) ಕೊಟ್ಟುಕೊಳ್ಳಲಿ. ಸೌಂಡ್ ಚೆಕ್‌ನಲ್ಲಿ ಎಲ್ಲಕ್ಕಿಂತ ಮೊದಲು ಬೂಸ್ಟ್ ಆನ್ ಮಾಡಿ ಲೀಡ್ ನುಡಿಸಿ, ಅದಕ್ಕೆ ಸರಿಯಾಗಿ ಗೇನ್ ಇಡಲು ಹೇಳಿ, ಆಮೇಲೆ ರಿದಮ್ ಕೇಳಿಸಿ. ನಿಮ್ಮ ಚಾನೆಲ್ಲಿಗೆ ಕಂಪ್ರೆಸರ್ (ಜೋರಾದ ಸದ್ದನ್ನು ತಾನಾಗಿ ಒತ್ತುವ ಸೌಲಭ್ಯ) ಬಲವಾಗಿ ಹಾಕಿದ್ದರೆ ಅದು ನಿಮ್ಮ ಬೂಸ್ಟನ್ನು ನುಂಗುತ್ತದೆ. ಸಡಿಲಿಸಲು ವಿನಯವಾಗಿ ಕೇಳಿಕೊಳ್ಳಿ. ಹೆಚ್ಚಿನವರು ಒಪ್ಪುತ್ತಾರೆ.

ಲೀಡಿಗೆ ಬೇರೆ, ರಿದಮಿಗೆ ಬೇರೆ ಪ್ಯಾಚ್ ಮಾಡುವುದನ್ನೂ ಬಿಟ್ಟಿದ್ದೇವೆ. ಅನೇಕ ಪ್ರೊಸೆಸರುಗಳಲ್ಲಿ ಪ್ಯಾಚ್ ಬದಲಾಗುವಾಗ ಒಂದು ಕ್ಷಣ ಸದ್ದು ಕಡಿಯುತ್ತದೆ. ಹೀಲಿಕ್ಸ್ ಪ್ರೊಸೆಸರಿನಲ್ಲಿ ಸ್ನ್ಯಾಪ್‌ಶಾಟ್, ಫ್ರ್ಯಾಕ್ಟಲ್ ಪ್ರೊಸೆಸರಿನಲ್ಲಿ ಸೀನ್ ಎನ್ನುವ ಸೌಲಭ್ಯ ಬಳಸಿ ಒಂದೇ ಪ್ಯಾಚಿನೊಳಗೆ ಮುಗಿಸುತ್ತೇವೆ. ಇವಿಲ್ಲದ ಸಣ್ಣ ಪ್ರೊಸೆಸರಾದರೆ ಬೂಸ್ಟಿಗೇ ಒಂದು ಸ್ವಿಚ್ ಕೊಡುತ್ತೇವೆ.

ನಮ್ಮಲ್ಲಿ ಹಿಂದೆ ಪ್ಯಾಚ್ ಮಾಡಿಸಿಕೊಂಡ ಎಲ್ಲರಿಗೂ ಈ ಬದಲಾವಣೆಯನ್ನು ಉಚಿತವಾಗಿ ಮಾಡಿಕೊಡುತ್ತೇವೆ. ರಸೀದಿ ಬೇಡ, ಮುಖ ಪರಿಚಯ ಸಾಕು. ಕಂಪ್ಯೂಟರಿಗೆ ಸೇರಿಸಬಹುದಾದ ಪ್ರೊಸೆಸರ್ ಆದರೆ ಹಳೆಯ ಪ್ಯಾಚುಗಳನ್ನು ಮೊದಲು ಉಳಿಸಿಟ್ಟು ಪೆನ್‌ಡ್ರೈವಿನಲ್ಲಿ ಕೊಡುತ್ತೇವೆ. ನೀವು ನುಡಿಸುವ ಗಿಟಾರನ್ನೇ, ನಿಮ್ಮದೇ ಕೇಬಲ್ ಮತ್ತು ಅಡಾಪ್ಟರ್ ಜೊತೆ ತನ್ನಿ. ಸಾಧ್ಯವಾದರೆ ನಿಮ್ಮ ಕೀಬೋರ್ಡಿನವರನ್ನೂ ಕರೆದುಕೊಂಡು ಬನ್ನಿ, ಅವರು ಪಕ್ಕದಲ್ಲಿ ನುಡಿಸುತ್ತಿದ್ದರೆ ಬೂಸ್ಟ್ ಎಷ್ಟು ಬೇಕೆಂದು ಐದು ನಿಮಿಷದಲ್ಲಿ ತಿಳಿಯುತ್ತದೆ.

ಗೌರಿ-ಗಣೇಶ ಹಬ್ಬ ಶುರುವಾದರೆ ರಾಜ್ಯೋತ್ಸವ ಮುಗಿಯುವ ತನಕ ನಿಮಗೆ ಪುರುಸೊತ್ತು ಸಿಗುವುದಿಲ್ಲ. ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ ಊರೊಳಗೆ ಗಾಡಿ ತರುವುದೂ ಕಷ್ಟ. ಅದಕ್ಕೇ ಹಬ್ಬಕ್ಕೆ ಮುಂಚೆಯೇ ಬನ್ನಿ. ಸಕಲೇಶಪುರ, ಆಲೂರು, ಬೇಲೂರು ಕಡೆಯಿಂದ ಬಸ್ಸಿನಲ್ಲಿ ಬರುವವರಿಗೆ ಬೆಳಗಿನ ಹೊತ್ತನ್ನು ಕಾದಿರಿಸಿದ್ದೇವೆ. ಪ್ರಾಕ್ಟೀಸ್ ರೂಮಿಗೆ ಅಂಗಡಿಯ ಪಕ್ಕದ ಸಂದಿಯಿಂದ ದಾರಿ, ಬಂದವರು ಬೆಲ್ ಒತ್ತಿ.

ಇಂತಿ,
ನಿಮ್ಮ ಅಂಗಡಿಯವರು